ತಲೆ ಸವೆದ ತಿರುಪುಮೊಳೆ

ಮರದೊಳಗೆ ಬಹುಕಾಲ ಕುಳಿತ ತಿರುಪುಮೊಳೆಯನ್ನು ಬಿಚ್ಚಹೊರಟವನು, ತನ್ನ ತೋಳಿನ ಸಮಸ್ತ ಬಲವೂ ಅದರ ನೆತ್ತಿಯ ಮೇಲಿನ ಒಂದು ಕಿರಿದಾದ ಸೀಳಿನ ಮೂಲಕವೇ ಒಳಗಿಳಿಯಬೇಕೆಂಬುದನ್ನು ಮೊದಲು ಮನಗಾಣಬೇಕು. ಆ ಸೀಳಿನ ಅಂಚು ಒಮ್ಮೆ ಹರಿದುಹೋಯಿತೆಂದರೆ ಭೀಮಸೇನನೇ ಬಂದರೂ ಮೊಳೆ ಕದಲದು. ಹುಣಸೂರು, ಕೃಷ್ಣರಾಜನಗರಗಳ ಕಡೆಯ ಹಳೆಯ ಹೆಂಚಿನ ಮನೆಗಳ ಬಾಗಿಲು ಕಿಟಕಿಗಳನ್ನು ದುರಸ್ತಿಗೊಳಿಸುವ ಕೆಲಸದಲ್ಲಿ ಬಡಗಿಗಳ ಪಕ್ಕದಲ್ಲಿ ಕುಳಿತು ಕೈಯಾಡಿಸಿದ ನನಗೆ ಆ ಸೀಳಿನ ವಿಷಯದಲ್ಲಿ ಒಂದು ಬಗೆಯ ಗೌರವವೇ ಬೆಳೆದಿದೆ.

ಹಿಂದಿನವರ ತಲೆಬಾಗಿಲುಗಳಿಗೆ ತಿರುಪುಮೊಳೆಯ ಹಂಗೇ ಇರಲಿಲ್ಲ. ಮೇಲೊಂದು ಕೆಳಗೊಂದು ಮರದ ಗೂಟದ ಮೇಲೆ ಅವು ತಿರುಗುತ್ತಿದ್ದುವು. ಕಬ್ಬಿಣದ ಕೀಲೂ ಅದನ್ನು ಹಿಡಿದಿಡುವ ಮೊಳೆಯೂ ಅನಂತರ ಬಂದ ಅತಿಥಿಗಳು. ಮೊನೆಯುಳ್ಳ ತಿರುಪುಮೊಳೆಯ ಅಮೆರಿಕನ್ ಪೇಟೆಂಟಿನ ಹಕ್ಕನ್ನು 1854ರಲ್ಲಿ ಪಡೆದ ನೆಟ್ಟಲ್‌ಫೋಲ್ಡ್ ಮತ್ತು ಚೇಂಬರ್ಲೇನರು ಇಂಗ್ಲೆಂಡಿನ ಸ್ಮೆತ್‌ವಿಕ್‌ನಲ್ಲಿ ಅದನ್ನು ಯಂತ್ರದಿಂದ ರಾಶಿರಾಶಿಯಾಗಿ ತಯಾರಿಸತೊಡಗಿದರು. ಅದಕ್ಕೆ ಹಿಂದಿನವುಗಳ ತುದಿ ಸಾಮಾನ್ಯವಾಗಿ ಮೊಂಡು.

ಮೊಳೆಯ ಮೊಂಡುತನಕ್ಕೆ ಮರದ ಜಾತಿಯೂ ಕಾರಣ. ಅಮೃತಮಹಲ್ ದನಗಳ ಕೇಂದ್ರವಾಗಿದ್ದ ಕಾಲದಿಂದಲೂ ಮರದ ವ್ಯವಹಾರವನ್ನು ಕಂಡ ಹುಣಸೂರಿನಲ್ಲಿ ಈ ಮಾತನ್ನು ಯಾರೂ ಅಲ್ಲಗಳೆಯರು. ಕಾಕನಕೋಟೆಯ ತೇಗದಲ್ಲಿ ಕುಳಿತ ಕಬ್ಬಿಣವು ಆ ಮರದ ಸಹಜವಾದ ಎಣ್ಣೆಯ ದೆಸೆಯಿಂದ ಎಷ್ಟೋ ಕಾಲ ಕೆಡದೆ ಉಳಿಯುತ್ತದೆ. ಒಗರು ಹೆಚ್ಚಾದ ಮತ್ತಿಯಲ್ಲಾದರೋ, ಮಳೆನೀರು ಸೋಕಿದೊಡನೆ ಮೊಳೆಯ ಸುತ್ತ ಕಪ್ಪು ಹರಡಿ, ಕಬ್ಬಿಣವು ಒಳಗೊಳಗೇ ಸವೆಯುತ್ತ ಬರುತ್ತದೆ. ತುಕ್ಕಿನ ಗಾತ್ರವು ಅದು ಹುಟ್ಟಿದ ಕಬ್ಬಿಣದ ಗಾತ್ರಕ್ಕಿಂತ ಎರಡು ಪಟ್ಟಿಗೂ ಮಿಗಿಲಾದುದರಿಂದ, ಮೊಳೆಯು ತಾನು ಹೊಕ್ಕ ರಂಧ್ರದಲ್ಲಿಯೇ ಉಬ್ಬಿ ಬಿಗಿದುಕೊಳ್ಳುತ್ತದೆ. ಹೆಗ್ಗಡದೇವನಕೋಟೆಯ ಹಳ್ಳಿಗಳಲ್ಲಿ ಮುಂಗಾರಿಗೆ ಮೈಯೊಡ್ಡಿದ ಪಡುವಣ ಕಿಟಕಿಗಳು ಮೂಡಣದವುಗಳಿಗಿಂತ ನಮ್ಮನ್ನು ಹೆಚ್ಚು ಕಾಡಿಸುವುದು ಇದರಿಂದಲೇ.

ತುಕ್ಕಿಗಿಂತಲೂ ದೊಡ್ಡ ಶತ್ರು ಬಣ್ಣ. ಹಬ್ಬಹಬ್ಬಕ್ಕೆ ಬಳಿದ ಬಣ್ಣವು ಸೀಳನ್ನು ತುಂಬಿ ಗಟ್ಟಿಯಾಗಿರುತ್ತದೆ. ಮುರಿದ ಗರಗಸದ ಬ್ಲೇಡಿನಿಂದ ಅದನ್ನು ತಳದವರೆಗೂ ಕೆರೆದು ತೆಗೆಯದೆ ಡ್ರೈವರನ್ನು ಮುಟ್ಟಲೇಬಾರದು. ಅಂಗಡಿಯ ಡ್ರೈವರಿನ ಅಲಗು ಮೇಲೇರಿದಂತೆ ದಪ್ಪವಾಗುವುದರಿಂದ, ಅದು ತಳವನ್ನು ಮುಟ್ಟದೆ ಅಂಚನ್ನಷ್ಟೇ ಕಚ್ಚಿ ಜಾರುತ್ತದೆ. ಸಾಣೆ ಹಿಡಿದು ಎರಡು ಮೈಯನ್ನೂ ಸಮಾಂತರಗೊಳಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. 1936ರಲ್ಲಿ ಫಿಲಿಪ್ಸ್ ಪೇಟೆಂಟ್ ಪಡೆದ ಸ್ಟಾರ್ ತಲೆಯಲ್ಲಿ ಸೀಳುಗಳ ಗೋಡೆಯೇ ಓರೆಯಾಗಿರುವುದರಿಂದ, ತಿರುಚುವ ಬಲ ಹೆಚ್ಚಿದಷ್ಟೂ ಅಲಗು ಮೇಲಕ್ಕೆದ್ದು ಬರುತ್ತದೆ. ಅಲ್ಲಿ ಮೈಭಾರವನ್ನೆಲ್ಲ ಕೆಳಗೊತ್ತಿ, ತಿರುವುವುದನ್ನು ಮಿತವಾಗಿಡಬೇಕು.

“ಮೊದಲು ಬಿಗಿ ಮಾಡಿ ನೋಡಿ ಸ್ವಾಮಿ, ಆಮೇಲೆ ಬಿಚ್ಚಿ,” ಎಂದು ಪಿರಿಯಾಪಟ್ಟಣದ ವೃದ್ಧ ಆಚಾರ್ರೊಬ್ಬರು ನನಗೆ ಹೇಳಿದ ಮಾತು ವಿಪರೀತವಾಗಿ ಕಂಡರೂ ಯುಕ್ತವಾದುದು: ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ಸರಿದರೂ ತುಕ್ಕಿನ ಬಂಧ ಬಿರಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಕಾಸಿದ ಕಬ್ಬಿಣವನ್ನು ತಲೆಗೆ ಒತ್ತಿಹಿಡಿಯಬೇಕು. ಕಾವಿಗೆ ಹಿಗ್ಗಿದ ಮೊಳೆ ಸುತ್ತಣ ಮರವನ್ನು ಒತ್ತರಿಸಿ, ಆರಿದ ಮೇಲೆ ಕುಗ್ಗಿ ಸಡಿಲಗೊಳ್ಳುತ್ತದೆ.

ಸೀಳು ಕೊಂಚ ಸವೆದಿದ್ದರೆ ಸೈಕಲ್ ಟ್ಯೂಬಿನ ತುಂಡೊಂದನ್ನು ನಡುವೆ ಇಟ್ಟು ಒತ್ತಿ ತಿರುಗಿಸಬಹುದು. ಪೂರ್ತಿ ಹೋಗಿದ್ದರೆ, ತಲೆ ಮರದಿಂದ ಮೇಲಿದ್ದಲ್ಲಿ ಗರಗಸದಿಂದ ಹೊಸ ಸೀಳು ಕೊಯ್ಯಬಹುದು. ಕೀಲಿನ ಗುಳಿಯಲ್ಲಿ ಹುದುಗಿದ್ದಲ್ಲಿ ಡ್ರಿಲ್ಲಿನಿಂದ ತಲೆಯನ್ನೇ ಕೊರೆದುಹಾಕಿ, ಕೀಲನ್ನೆತ್ತಿ, ಉಳಿದ ಮುಂಡವನ್ನು ಇಕ್ಕಳದಿಂದ ಹಿಡಿದು ತಿರುಗಿಸಬೇಕು. ಎಡಮುರಿಯ ಎಕ್ಸ್‌ಟ್ರ್ಯಾಕ್ಟರನ್ನು ಹೊಗಳುವವರಿದ್ದಾರೆ. ಅದರ ಉಕ್ಕು ಗಡುಸು, ಆದುದರಿಂದಲೇ ಪೆಡಸು, ಒಳಗೇ ಮುರಿದರೆ ಡ್ರಿಲ್ಲೂ ಅದನ್ನು ಕೊರೆಯಲಾರದು. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಒಲೆಬಾಯಲ್ಲಿ ಬೆಂದುಹೋದ ಬೋಲ್ಟುಗಳಿಗೆ ಈ ಉಪಚಾರವೊಂದೂ ಸಲ್ಲದು. ಅವನ್ನು ಚಾಣದಿಂದ ಕಡಿಯುವುದೇ ಸರಿ.

ಬರಿದಾದ ರಂಧ್ರಕ್ಕೆ ತೇಗದ ಬೆಣೆಯನ್ನು ಅಂಟು ಸವರಿ ಬಡಿದು, ಒಣಗಿದ ಬಳಿಕ ಸಣ್ಣದಾಗಿ ಕೊರೆಯಬೇಕು. ಮತ್ತಿ ಮರಕ್ಕೆ ಹಿತ್ತಾಳೆಯ ಮೊಳೆಯೇ ಲೇಸು. ಆದರೆ ಅದು ಮೃದುವಾದುದರಿಂದ, ಅದೇ ಅಳತೆಯ ಕಬ್ಬಿಣದ ಮೊಳೆಯೊಂದನ್ನು ಮೊದಲು ಹೊಗಿಸಿ ತೆಗೆದು ದಾರಿ ಮಾಡಿಕೊಡಬೇಕು. ಜಾರಿಕೆಗೆ ಸಾಬೂನು ಬೇಡ, ಅದು ತೇವವನ್ನು ಸೆಳೆಯುತ್ತದೆ; ಕಾಡಂಚಿನ ಈ ಸೀಮೆಯಲ್ಲಿ ಜೇನುಮೇಣಕ್ಕೇನೂ ಬರವಿಲ್ಲ.