ಫಾರ್ಮ್ಯಾಟ್ ಮಾಡಿಸುವ ಮುನ್ನ: ರಿಕವರಿ ಪಾರ್ಟಿಷನ್ ಕಲಿಸಿದ ಪಾಠಗಳು

ವಿಂಡೋಸ್ ತೆರೆಯುತ್ತಿಲ್ಲ ಎಂದು ಲ್ಯಾಪ್‌ಟಾಪ್ ಹಿಡಿದು ನಮ್ಮಲ್ಲಿಗೆ ಬರುವವರು ಮೊದಲು ಕೇಳುವುದು, "ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕೋಕೆ ಎಷ್ಟಾಗುತ್ತೆ?" ಎಂದು. ತಾವು ದುಡ್ಡು ಕೊಟ್ಟು ಕೊಂಡ ಅಸಲಿ ವಿಂಡೋಸನ್ನು ಮತ್ತೆ ನಿಲ್ಲಿಸುವ ಸಾಮಗ್ರಿ ಅದೇ ಡಿಸ್ಕಿನ 'ರಿಕವರಿ ಪಾರ್ಟಿಷನ್' ಎಂಬ ಭಾಗದಲ್ಲಿ ಇರಬಹುದು ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅಂಥವರಿಗಾಗಿ, ರಿಪೇರಿ ಮೇಜಿನ ಮುಂದೆ ಕೂತು ಕಲಿತದ್ದನ್ನು ಬರೆಯುತ್ತಿದ್ದೇನೆ.

1. ಇದೆಯೇ ಇಲ್ಲವೇ, ಮೊದಲು ನೋಡಿ. ವಿಂಡೋಸ್ ಕೀಲಿ ಹಿಡಿದು ಎಕ್ಸ್ ಒತ್ತಿದರೆ ಬರುವ ಪಟ್ಟಿಯಲ್ಲಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ಇದೆ. ಅಲ್ಲಿ ಸಿ ಡ್ರೈವಿನ ಅಕ್ಕಪಕ್ಕ, ಯಾವ ಅಕ್ಷರವೂ ಇಲ್ಲದ ತುಂಡುಗಳು ಕಾಣುತ್ತವೆ. ಹಲವರು ಎಡವುವುದು ಇಲ್ಲೇ. ಸುಮಾರು 500 ಎಂಬಿಯಿಂದ 1 ಜಿಬಿ ಇರುವ ಸಣ್ಣ ತುಂಡಿನಲ್ಲಿರುವುದು ರಿಪೇರಿ ಉಪಕರಣಗಳು ಮಾತ್ರ. ಪೂರ್ತಿ ವಿಂಡೋಸ್ ಅಲ್ಲ. 10 ಜಿಬಿಗೂ ದೊಡ್ಡದೊಂದು 'ರಿಕವರಿ' ಎಂಬ ಹೆಸರಿನಲ್ಲಿ ಇದ್ದರೆ, ಅದು ಸಾಮಾನ್ಯವಾಗಿ ಕಂಪನಿಯವರು ಇಟ್ಟುಕೊಟ್ಟ ಪ್ರತಿ. ಡ್ರೈವರ್‌ಗಳೂ ಸೇರಿ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದ ದಿನದ ಸ್ಥಿತಿಗೆ ತರುವುದು ಈ ದೊಡ್ಡ ತುಂಡು. ಇತ್ತೀಚಿನ ಎಷ್ಟೋ ಮಾಡೆಲ್‌ಗಳಲ್ಲಿ ಸಣ್ಣದು ಮಾತ್ರ ಇರುತ್ತದೆ.

2. ರಿಕವರಿ ತೆರೆಯುವ ಕೀಲಿ ಪ್ರತಿ ಕಂಪನಿಗೂ ಬೇರೆ. ಎಚ್‌ಪಿಯಲ್ಲಿ ಆನ್ ಮಾಡಿದ ಕೂಡಲೇ ಎಫ್ 11. ಏಸರ್‌ನಲ್ಲಿ ಆಲ್ಟ್ ಹಿಡಿದು ಎಫ್ 10. ಏಸುಸ್‌ನ ಬಹಳ ಮಾಡೆಲ್‌ಗಳಲ್ಲಿ ಎಫ್ 9. ಹಳೆಯ ತೋಷಿಬಾದಲ್ಲಿ ಸೊನ್ನೆಯ ಕೀಲಿ ಒತ್ತಿ ಹಿಡಿದೇ ಆನ್ ಮಾಡಬೇಕು. ಡೆಲ್‌ನಲ್ಲಿ ಎಫ್ 12 ಒತ್ತಿದರೆ ಬರುವ ಪಟ್ಟಿಯಲ್ಲಿ ಸಪೋರ್ಟ್‌ಅಸಿಸ್ಟ್ ರಿಕವರಿ ಹುಡುಕಿ. ಲೆನೊವೊದ ಹಲವು ಲ್ಯಾಪ್‌ಟಾಪ್‌ಗಳ ಅಂಚಿನಲ್ಲಿ ಸೂಜಿ ತೂರುವಷ್ಟು ಚಿಕ್ಕ ತೂತಿದೆ. ಯಂತ್ರ ಆಫ್ ಇರುವಾಗ ಅದರೊಳಗಿನ ಗುಂಡಿಯನ್ನು ಪಿನ್ನಿನಿಂದ ಒತ್ತಬೇಕು. ಏಸರ್‌ನಲ್ಲಿ ಕೀಲಿಗೆ ಉತ್ತರ ಬರದಿದ್ದರೆ ಬಯಾಸ್‌ನಲ್ಲಿ 'ಡಿ2ಡಿ ರಿಕವರಿ' ಎಂಬುದು ಡಿಸೇಬಲ್ ಆಗಿದೆಯೇ ನೋಡಿ.

3. ಕಂಪನಿಯ ಪ್ರತಿ ಇಲ್ಲ ಎಂದು ಎದೆಗುಂದಬೇಡಿ. ವಿಂಡೋಸ್ 10 ಮತ್ತು 11ರ 'ರೀಸೆಟ್ ದಿಸ್ ಪಿಸಿ' ಆ ಪ್ರತಿಯನ್ನು ನೆಚ್ಚಿಕೊಂಡಿಲ್ಲ. ಸಿ ಡ್ರೈವಿನಲ್ಲೇ ಇರುವ ಕಡತಗಳಿಂದ ವಿಂಡೋಸನ್ನು ಮತ್ತೆ ಕಟ್ಟುತ್ತದೆ. ಆ ಕಡತಗಳೇ ಕೆಟ್ಟಿದ್ದರೆ 'ಕ್ಲೌಡ್ ಡೌನ್‌ಲೋಡ್' ಆರಿಸಬಹುದು. 4 ಜಿಬಿಗೂ ಮೀರಿ ಡೇಟಾ ಬೇಕು, ಮೊಬೈಲ್ ಹಾಟ್‌ಸ್ಪಾಟ್ ನಂಬಿ ಶುರು ಮಾಡಬೇಡಿ. ವಿಂಡೋಸ್ ತೆರೆಯದಿದ್ದಾಗ, ಲೋಗೋ ಬರುತ್ತಿದ್ದಂತೆ ಪವರ್ ಬಟನ್ ಒತ್ತಿ ಹಿಡಿದು ಯಂತ್ರವನ್ನು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ರೀಸೆಟ್ ಇರುವ ರಿಪೇರಿ ಪರದೆ ತಾನಾಗಿ ಬರುತ್ತದೆ. ವಿಂಡೋಸ್ 8ರ ನಂತರದ ಯಂತ್ರಗಳಲ್ಲಿ ಕಂಪನಿ ಹಾಕಿದ ವಿಂಡೋಸಿನ ಲೈಸೆನ್ಸ್ ಕೀ ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲೇ ಇರುವುದರಿಂದ ಮತ್ತೆ ಕೊಳ್ಳಬೇಕಿಲ್ಲ, ಕ್ರ್ಯಾಕ್ ಹಾಕಿಸುವ ಗೊಡವೆಯೂ ಬೇಡ.

4. 'ಎಲ್ಲಾ ಕಾಪಿ ಮಾಡಿದೀನಿ' ಎಂಬ ಮಾತನ್ನು ನಾನು ಹಾಗೇ ಒಪ್ಪುವುದಿಲ್ಲ. ಕಂಪನಿ ಸ್ಥಿತಿಗೆ ಮರಳಿಸಿದರೆ ಸಿ ಡ್ರೈವ್ ಖಾಲಿಯಾಗುತ್ತದೆ. ಒಬ್ಬ ಕಿರಾಣಿ ಅಂಗಡಿಯ ಯಜಮಾನರು ಡೆಸ್ಕ್‌ಟಾಪ್ ಪೂರ್ತಿ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದಿದ್ದರು.

"ಟ್ಯಾಲಿ ಲೆಕ್ಕ ತಗೊಂಡಿದೀರಾ ಸಾರ್?"

"ಅದೂ ಡೆಸ್ಕ್‌ಟಾಪ್ ಮೇಲೇ ಇತ್ತಲ್ಲ, ಬಂದಿದೆ."

ಪೆನ್‌ಡ್ರೈವ್ ತೆರೆದರೆ ಅದರಲ್ಲಿದ್ದದ್ದು ಟ್ಯಾಲಿಯ ಐಕಾನ್, ಅಂದರೆ ಬರೀ ಶಾರ್ಟ್‌ಕಟ್. ವರ್ಷಗಳ ಲೆಕ್ಕವೆಲ್ಲ ಸಿ ಡ್ರೈವಿನ 'ಯೂಸರ್ಸ್' ಒಳಗಿನ 'ಪಬ್ಲಿಕ್' ಫೋಲ್ಡರಿನಲ್ಲಿ, ಟ್ಯಾಲಿಯ 'ಡೇಟಾ' ಎಂಬಲ್ಲಿ ಉಳಿದಿತ್ತು. ಅದನ್ನು ಹೊರತೆಗೆದ ಮೇಲೇ ರೀಸೆಟ್‌ಗೆ ಕೈ ಹಾಕಿದೆ. ಹಾಗೆಯೇ ನುಡಿ, ಬರಹ ಬಳಸುವವರು ತಮ್ಮ ಕಡತಗಳ ಜೊತೆ ಫಾಂಟುಗಳನ್ನೂ ಇನ್‌ಸ್ಟಾಲ್ ಮಾಡುವ ಫೈಲನ್ನೂ ತೆಗೆದಿಡಿ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಿಸಿದ ಪತ್ರ, ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಗಾಬರಿಯಾಗಬೇಡಿ, ಪತ್ರ ಹಾಳಾಗಿರುವುದಿಲ್ಲ. ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ.

5. ಬಿಟ್‌ಲಾಕರ್ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ಡಿಸ್ಕಿಗೆ ತಾನಾಗಿ ಬಿಟ್‌ಲಾಕರ್ ಎಂಬ ಬೀಗ ಬೀಳುತ್ತದೆ. ರಿಪೇರಿ ಪರದೆಗೆ ಹೋದಾಗ 48 ಅಂಕಿಗಳ ಕೀ ಕೇಳುತ್ತದೆ. ಆ ಖಾತೆಗೆ ಲಾಗಿನ್ ಆದರೆ ಅದು ಸಿಗುತ್ತದೆ. ಖಾತೆಯ ಪಾಸ್‌ವರ್ಡ್ ಮರೆತು, ಅದಕ್ಕೆ ಕೊಟ್ಟ ಮೊಬೈಲ್ ನಂಬರನ್ನೂ ಬಿಟ್ಟಿದ್ದವರು ಫೋಟೋಗಳನ್ನು ಕಳೆದುಕೊಂಡು ಅತ್ತದ್ದನ್ನು ಕಂಡಿದ್ದೇನೆ. ಅಲ್ಲಿ ಯಾವ ಮೆಕ್ಯಾನಿಕ್ಕೂ ಏನೂ ಮಾಡಲಾರ.

6. ಜಾಗ ಸಾಲದೆಂದು ರಿಕವರಿ ತುಂಡನ್ನು ಅಳಿಸಬೇಡಿ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಒಂದು ಸುರಕ್ಷತಾ ಅಪ್‌ಡೇಟ್, ಆ ಸಣ್ಣ ರಿಕವರಿ ಭಾಗದಲ್ಲಿ ಜಾಗ ಸಾಲದ ಯಂತ್ರಗಳಲ್ಲಿ ಇನ್‌ಸ್ಟಾಲ್ ಆಗದೆ ನಿಂತಿತು. ಅದನ್ನು 250 ಎಂಬಿ ಹಿಗ್ಗಿಸುವ ಕ್ರಮವನ್ನು ಮೈಕ್ರೋಸಾಫ್ಟ್ ಕೊಡಬೇಕಾಯಿತು. ಅಳಿಸಿದರೆ ನೀವು ಕಳೆದುಕೊಳ್ಳುವುದು ದೊಡ್ಡದು, ಗಳಿಸುವುದು ಅಲ್ಪ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವಾಗಲೂ ಸಿ ಡ್ರೈವ್ ಒಂದನ್ನೇ ಅಲ್ಲ, ಇಡೀ ಡಿಸ್ಕನ್ನು ಕ್ಲೋನ್ ಮಾಡಿಕೊಡಿ ಎಂದು ಅಂಗಡಿಯವರಿಗೆ ಹೇಳಿ.

7. ರೀಸೆಟ್ ಮಾಡುವಾಗ ಚಾರ್ಜರ್ ಹಾಕಿಯೇ ಇರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕು.

8. ರಿಕವರಿ ಪಾರ್ಟಿಷನ್ ಬ್ಯಾಕಪ್ ಅಲ್ಲ. ಅದಿರುವುದು ಅದೇ ಡಿಸ್ಕಿನಲ್ಲಿ. ಡಿಸ್ಕ್ ಸತ್ತರೆ ಅದೂ ಹೋಯಿತು. ಆದ್ದರಿಂದ ಲ್ಯಾಪ್‌ಟಾಪ್ ಚೆನ್ನಾಗಿ ಓಡುತ್ತಿರುವಾಗಲೇ ಒಂದು 32 ಜಿಬಿ ಪೆನ್‌ಡ್ರೈವ್ ತೆಗೆದುಕೊಳ್ಳಿ. ಸ್ಟಾರ್ಟ್ ಮೆನುವಿನಲ್ಲಿ 'ರಿಕವರಿ ಡ್ರೈವ್' ಎಂದು ಹುಡುಕಿ, ಸಿಸ್ಟಮ್ ಫೈಲ್‌ಗಳನ್ನೂ ಸೇರಿಸು ಎಂಬ ಚೌಕಕ್ಕೆ ಗುರುತು ಹಾಕಿ, ಕೆಲಸ ಮುಗಿಯುವವರೆಗೆ ಯಂತ್ರವನ್ನು ಅದರ ಪಾಡಿಗೆ ಬಿಡಿ. ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯದ್ದನ್ನೇ ಬಳಸಿ. ಮುಗಿದ ಮೇಲೆ ಅದಕ್ಕೊಂದು ಚೀಟಿ ಅಂಟಿಸಿ ಲ್ಯಾಪ್‌ಟಾಪಿನ ಮಾಡೆಲ್ ಹೆಸರು ಮತ್ತು ತಾರೀಖು ಬರೆದಿಡಿ. ಒಂದು ಯಂತ್ರಕ್ಕೆಂದು ಮಾಡಿದ ರಿಕವರಿ ಡ್ರೈವನ್ನು ಬೇರೆ ಮಾಡೆಲ್‌ಗೆ ಹಾಕಬಾರದು.