ಕಾರಿಗೂ ಹೊದಿಕೆ ಬೇಕಾದ ಕಣಿವೆ

ಕ್ಯಾಲಿಫೋರ್ನಿಯಾದ ತ್ರೀ ರಿವರ್ಸ್ ಊರು ದಾಟುವ ಮೊದಲೇ ಪೆಟ್ರೋಲ್ ತುಂಬಿಸಿಕೊಳ್ಳಿ. ಅಲ್ಲಿಂದ ಮಿನರಲ್ ಕಿಂಗ್ ಕಣಿವೆಗೆ ಸುಮಾರು 40 ಕಿಲೋಮೀಟರ್ ಅಷ್ಟೇ, ಆದರೆ ಒಂದೂವರೆ ಗಂಟೆ ಹಿಡಿಯುತ್ತದೆ. ನೂರಾರು ತಿರುವು, ನಡುನಡುವೆ ಮಣ್ಣಿನ ರಸ್ತೆ. ಇಕ್ಕಟ್ಟಿನಲ್ಲಿ ಎದುರುಬದುರಾದರೆ ಯಾರಾದರೊಬ್ಬರು ರಿವರ್ಸ್ ತೆಗೆಯಲೇಬೇಕು. ಆಗುಂಬೆ ಘಾಟಿಯಲ್ಲೂ ಕಿಟಕಿ ಸೀಟು ಬಿಟ್ಟುಕೊಡದ ಅಮ್ಮ ಇಲ್ಲಿ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕೂತಿದ್ದಳು.

ಈ ರಸ್ತೆಗೆ ಮೂಲ ಬೆಳ್ಳಿಯ ಆಸೆ. 1870ರ ದಶಕದಲ್ಲಿ ಇಲ್ಲಿ ಬೆಳ್ಳಿ ಇದೆ ಎಂಬ ಸುದ್ದಿ ಹಬ್ಬಿ ಜನ ಮುಗಿಬಿದ್ದರು, ಬ್ಯೂಲಾ ಎಂಬ ಗಣಿ ಊರೊಂದು ಎದ್ದಿತು, 1879ರಲ್ಲಿ ಗಾಡಿ ರಸ್ತೆಯೂ ಬಂತು. ಅದಿರೇನೋ ಸಿಕ್ಕಿತು. ಅದರಿಂದ ಬೆಳ್ಳಿ ಬೇರ್ಪಡಿಸುವುದು ಮಾತ್ರ ಗಿಟ್ಟಲಿಲ್ಲ. ಚಳಿಗಾಲದಲ್ಲಿ ಹಿಮ ಕುಸಿತದ ಕಾಟ ಬೇರೆ. ಕೆಲವೇ ವರ್ಷಗಳಲ್ಲಿ ಊರು ಖಾಲಿಯಾಯಿತು. 1960ರ ದಶಕದಲ್ಲಿ ಡಿಸ್ನಿ ಕಂಪನಿ ಇಲ್ಲೊಂದು ದೊಡ್ಡ ಸ್ಕೀ ರೆಸಾರ್ಟ್ ಕಟ್ಟಲು ಹೊರಟಾಗ ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆ ಕೋರ್ಟಿಗೆ ಹೋಯಿತು. ಮರಗಿಡ, ನದಿ, ಕಣಿವೆಗಳ ಹೆಸರಿನಲ್ಲೂ ದಾವೆ ಹೂಡಲು ಅವಕಾಶ ಇರಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ತಮ್ಮ ಭಿನ್ನ ತೀರ್ಪಿನಲ್ಲಿ ಬರೆದದ್ದು 1972ರ ಈ ಪ್ರಕರಣದಲ್ಲೇ. ಕ್ಲಬ್ ದಾವೆಯಲ್ಲಿ ಸೋತಿತು, ಕಣಿವೆ ಉಳಿಯಿತು. 1978ರಲ್ಲಿ ಅದು ಸಿಕ್ವೋಯಾ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಡಿಸ್ನಿ ಬಂದಿದ್ದರೆ ಹೆದ್ದಾರಿ ಬರುತ್ತಿತ್ತು. ನಿಂಬೆಹಣ್ಣೇ ವಾಸಿ ಅನ್ನುವುದು ನನ್ನ ಪಕ್ಷ, ಅಮ್ಮನನ್ನು ಕೇಳಲಿಲ್ಲ.

ನಾವು ಡೇರೆ ಹಾಕಿದ್ದು ಕೋಲ್ಡ್ ಸ್ಪ್ರಿಂಗ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ, ಕವೀಯಾ ನದಿಯ ಪೂರ್ವ ಕವಲಿನ ದಡದಲ್ಲಿ. ಎತ್ತರ ಸುಮಾರು 7,500 ಅಡಿ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ಅಷ್ಟು ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಕುದಿಯುತ್ತಲೇ ಇರುತ್ತದೆ, ತೊಗರಿಬೇಳೆ ಮಾತ್ರ ಜಪ್ಪಯ್ಯ ಅನ್ನುವುದಿಲ್ಲ. ಹಾಗಾಗಿ ಕ್ಯಾಂಪಿಂಗ್ ಸಾಮಾನಿನ ಅಂಗಡಿಯವರು ಎಷ್ಟೇ ಹಗುರ ಪಾತ್ರೆ ತೋರಿಸಲಿ, ಚಿಕ್ಕ ಪ್ರೆಷರ್ ಕುಕ್ಕರ್ ಒಯ್ಯುವುದು ಜಾಣತನ. ನಮ್ಮದು ಮೊದಲ ಸೀಟಿ ಹೊಡೆದಾಗ ಪಕ್ಕದ ಡೇರೆಯವರು ಎದ್ದು ನಿಂತರು. ಮೂರನೆಯದಕ್ಕೆ ತಟ್ಟೆ ಹಿಡಿದು ಬಂದರು.

ಊಟ ಮುಗಿದ ಮೇಲಿನ ಕೆಲಸ ಇನ್ನೂ ಮುಖ್ಯ. ಇದು ಕರಡಿಗಳ ಕಾಡು. ಪ್ರತಿ ಜಾಗದಲ್ಲೂ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ, ವಾಸನೆ ಬರುವುದೆಲ್ಲ ಅದರೊಳಗೆ ಹೋಗಬೇಕು. ಅಕ್ಕಿ, ಬೇಳೆ ಸರಿ, ಟೂತ್‌ಪೇಸ್ಟ್, ಸೋಪೂ ಸರಿ. ನಮ್ಮವರ ಚೀಲದಲ್ಲಿ ಇವಲ್ಲದೆ ಇಂಗಿನ ಡಬ್ಬಿ, ಮಾವಿನಮಿಡಿ ಉಪ್ಪಿನಕಾಯಿ, ಕೊಬ್ಬರಿ ಎಣ್ಣೆ, ಅಮೃತಾಂಜನ ಇರುತ್ತವಲ್ಲ, ಅವೂ ಒಳಗೇ. ಮಂಡಿನೋವಿನ ಮುಲಾಮನ್ನು ದಿಂಬಿನಡಿ ಇಟ್ಟುಕೊಳ್ಳುತ್ತೇನೆ ಎಂದು ಅಮ್ಮ ಹಟ ಹಿಡಿದಳು. ಡೇರೆಗೆ ಹೋಗುವ ಮುನ್ನವೇ ಹಚ್ಚಿಕೊಂಡು ಡಬ್ಬಿ ಒಳಗಿಡುವುದು ಎಂದು ರಾಜಿಯಾಯಿತು.

ಆದರೆ ಇಲ್ಲಿ ನಿಜಕ್ಕೂ ಜೇಬಿಗೆ ಕತ್ತರಿ ಹಾಕುವುದು ಕರಡಿಯಲ್ಲ, ಮಾರ್ಮಟ್. ದಪ್ಪ ಬೆಕ್ಕಿನ ಗಾತ್ರದ ಅಳಿಲಿನ ಜಾತಿಯ ಪ್ರಾಣಿ. ಚಳಿಗಾಲವಿಡೀ ಬಿಲದಲ್ಲಿ ಮಲಗಿದ್ದು ಬೇಸಿಗೆಯ ಆರಂಭದಲ್ಲಿ ಹಸಿದು ಬರುತ್ತದೆ, ಬಂದು ಕಾರಿನಡಿ ನುಸುಳಿ ರೇಡಿಯೇಟರ್ ಪೈಪು, ವೈರು ಕಡಿಯುತ್ತದೆ. ಪರಿಹಾರವೂ ವಿಚಿತ್ರವೇ: ನೆಲದ ಮೇಲೆ ದೊಡ್ಡ ಟಾರ್ಪಾಲ್ ಹಾಸಿ, ಅದರ ಮೇಲೆ ಕಾರು ನಿಲ್ಲಿಸಿ, ಅಂಚುಗಳನ್ನು ಸುತ್ತಲೂ ಮೇಲೆತ್ತಿ ಹಗ್ಗ ಕಟ್ಟುವುದು. ಜೂನ್ ತಿಂಗಳಾದ್ದರಿಂದ ನಾವೂ ಕಟ್ಟಿದೆವು. "ಒಳ್ಳೇ ಪಂಚೆ ಉಡಿಸಿದ ಹಾಗಿದೆ ಕಣೇ," ಅಂದಳು ಅಮ್ಮ. ಹಗ್ಗ ಸಡಿಲ ಬಿಟ್ಟು ಉಪಯೋಗವಿಲ್ಲ. ಚಕ್ರದ ಹತ್ತಿರ ಬೆರಳು ತೂರುವಷ್ಟೂ ಸಂದಿ ಇರದಂತೆ ಎರಡು ಸುತ್ತು ಬಿಗಿಯಬೇಕು.

ಹೊರಡುವ ದಿನ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಟಾರ್ಪಾಲ್ ಬಿಚ್ಚಿ, ಬಾನೆಟ್ ಎತ್ತಿ, ಎಂಜಿನ್ ಸಂದುಗೊಂದಿಗೆಲ್ಲ ಟಾರ್ಚ್ ಬಿಟ್ಟು ನೋಡಬೇಕು. ಒಳಗೇ ಕೂತು ಊರವರೆಗೂ ಪ್ರಯಾಣ ಮಾಡಿದ ಮಾರ್ಮಟ್‌ಗಳೂ ಉಂಟು. ಆಮೇಲೆ ಕಾರಿನಡಿ ಬಗ್ಗಿ ಕೂಲೆಂಟ್ ಸೋರಿದೆಯೇ ನೋಡಿ, ಕೆಳಗಿನ ಗೇರಿಗೆ ಹಾಕಿ ಇಳಿಯಿರಿ. ಬ್ರೇಕನ್ನೇ ನಂಬಿ ಇಳಿಯುವ ರಸ್ತೆ ಅದಲ್ಲ.