ನಮ್ಮ ನೆಲ, ನೆರೆಯವರ ಛಾವಣಿ

ನೆರೆಯವರ ಹಕ್ಕಿನ ಕುರಿತು ನಾವು ಅನೇಕ ಪ್ರವಚನಗಳನ್ನು ಕೇಳಿದ್ದೇವೆ. ಕೇಳುವಾಗ ಕಣ್ಣ ಮುಂದೆ ಬರುವುದು ಹೆಚ್ಚಾಗಿ ಬೇಲಿಯಾಚೆಯ ಮನೆ. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ನಡುವೆ ನಾಲ್ಕು ತೆಂಗಿನ ಮರಗಳು. ಆದರೆ ಇಂದು ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ನಮ್ಮ ಅನೇಕ ಕುಟುಂಬಗಳು ಫ್ಲಾಟ್‌ಗಳಲ್ಲಿ ವಾಸಿಸುತ್ತಿವೆ. ಅಲ್ಲಿ ನೆರೆಯವರು ಎಡಬಲಗಳಲ್ಲಿ ಮಾತ್ರವಲ್ಲ, ನಮ್ಮ ಕಾಲ ಕೆಳಗೂ ಇದ್ದಾರೆ. ನಾವು ನೆಲ ಎಂದು ಕರೆಯುವುದು ಅವರ ಛಾವಣಿ. ಹಳೆಯ ನೆಲ ತೆಗೆದು ಹೊಸದನ್ನು ಹಾಕಿಸುವಾಗ ನಾವು ಬಣ್ಣ, ಹೊಳಪು, ಬೆಲೆ ನೋಡುತ್ತೇವೆ. ಕೆಳಗಿನವರ ನಿದ್ದೆಯನ್ನೂ ಆ ಲೆಕ್ಕದಲ್ಲಿ ಸೇರಿಸಬೇಕೆಂಬುದು ನಮಗೆ ಹೊಳೆಯುವುದಿದೆಯೇ?

ಧರ್ಮದ ದೃಷ್ಟಿಯಲ್ಲಿ

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 36ನೆಯ ಸೂಕ್ತವು ಅಲ್ಲಾಹನ ಆರಾಧನೆ ಹಾಗೂ ಮಾತಾಪಿತರ ಸೇವೆಯೊಂದಿಗೆ ನೆರೆಯವರ ಜತೆಗಿನ ಸದ್ವರ್ತನೆಯನ್ನೂ ಆದೇಶಿಸುತ್ತದೆ. ಬಂಧುವಾದ ನೆರೆಯವರಷ್ಟೇ ಅಲ್ಲ, ಅಪರಿಚಿತ ನೆರೆಯವರೂ ಅದರಲ್ಲಿ ಸೇರಿದ್ದಾರೆ. ಅಲ್‌ಫುರ್ಕಾನ್ ಅಧ್ಯಾಯದಲ್ಲಿ ಕರುಣಾಮಯನ ದಾಸರ ಗುಣಗಳನ್ನು ವಿವರಿಸುವಾಗ ಮೊತ್ತಮೊದಲು ಬರುವುದು ಅವರು ಭೂಮಿಯ ಮೇಲೆ ವಿನಯದಿಂದ ನಡೆಯುತ್ತಾರೆಂಬ ವಿಷಯ.

ಪ್ರವಾದಿ(ಸ)ರು ಹೇಳಿದ ಹಡಗಿನ ಉಪಮೆಯನ್ನು ನೀವು ಕೇಳಿರಬಹುದು. ಹ. ನುಅ್‌ಮಾನ್ ಬಿನ್ ಬಶೀರ್(ರ) ವರದಿ ಮಾಡಿದ ಈ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಹಡಗಿನಲ್ಲಿ ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳಂತಸ್ತು ಚೀಟಿಯಲ್ಲಿ ಬಂತು. ಕೆಳಗಿನವರು ನೀರಿಗಾಗಿ ಮೇಲೆ ಹೋಗಬೇಕಾಗುತ್ತಿತ್ತು. ಮೇಲಿನವರಿಗೇಕೆ ತೊಂದರೆ ಕೊಡಬೇಕೆಂದು ಅವರು ತಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯಲು ಬಯಸಿದರು. ಅವರನ್ನು ಹಾಗೆಯೇ ಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಈ ಉಪಮೆಯ ಆಶಯ ಬಹಳ ವಿಶಾಲವಾದುದು. ಆದರೆ ಅದರಲ್ಲಿ ಫ್ಲಾಟ್‌ವಾಸಿಗಳಿಗೂ ಒಂದು ಪಾಠವಿದೆ. ‘ನನ್ನ ಪಾಲಿನ ಜಾಗದಲ್ಲಿ ನಾನು ಏನು ಬೇಕಾದರೂ ಮಾಡುವೆ’ ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ.

ಕರ್ಮಶಾಸ್ತ್ರದ ವಿದ್ವಾಂಸರು ಈ ವಿಷಯವನ್ನು ಇನ್ನೂ ಸ್ಪಷ್ಟವಾಗಿ ಚರ್ಚಿಸಿದ್ದಾರೆ. ಉಸ್ಮಾನೀ ಆಡಳಿತದಲ್ಲಿ 1869ರಿಂದ 1876ರ ತನಕ ಹನಫೀ ಕರ್ಮಶಾಸ್ತ್ರದ ಆಧಾರದಲ್ಲಿ ಸಂಕಲಿಸಲಾದ ‘ಮಜಲ್ಲ’ ಎಂಬ ಕಾನೂನು ಸಂಹಿತೆಯ 1192ನೆಯ ಕಲಮು ಮೇಲ್ಮಹಡಿ ಒಬ್ಬನದು, ಕೆಳಮಹಡಿ ಇನ್ನೊಬ್ಬನದು ಆಗಿರುವ ಮನೆಯನ್ನೇ ಉದಾಹರಿಸುತ್ತದೆ. ಮೇಲಿನವನಿಗೆ ಕೆಳಗಿನ ಕಟ್ಟಡದ ಆಧಾರ ಪಡೆಯುವ ಹಕ್ಕಿದೆ, ಕೆಳಗಿನವನಿಗೆ ಮೇಲಿನದರಿಂದ ಬಿಸಿಲು ಮಳೆಗಳ ರಕ್ಷಣೆ ಪಡೆಯುವ ಹಕ್ಕಿದೆ. ಒಬ್ಬನಿಗೆ ಹಾನಿಯಾಗುವ ಕೆಲಸವನ್ನು ಅವನ ಒಪ್ಪಿಗೆಯಿಲ್ಲದೆ ಇನ್ನೊಬ್ಬ ಮಾಡುವಂತಿಲ್ಲ.

ಸದ್ದು ಇಳಿಯುವುದು ಹೇಗೆ?

ಸದ್ದಿನಲ್ಲಿ ಎರಡು ಬಗೆ. ಮಾತು, ರೇಡಿಯೋ, ಮಗುವಿನ ಅಳು ಇವು ಗಾಳಿಯ ಮೂಲಕ ಬರುವ ಸದ್ದುಗಳು. ಇವುಗಳನ್ನು ಭಾರವಾದ ಗೋಡೆ, ನೆಲಗಳು ಚೆನ್ನಾಗಿ ತಡೆಯುತ್ತವೆ. ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಒಂದು ಚದರ ಮೀಟರಿಗೆ ಸುಮಾರು 300 ಕಿಲೋ ತೂಗುತ್ತದೆ. ಆದ್ದರಿಂದಲೇ ಕೆಳಗಿನವರಿಗೆ ನಮ್ಮ ಮಾತು ಅಷ್ಟಾಗಿ ಕೇಳಿಸುವುದಿಲ್ಲ.

ಎರಡನೆಯದು ಬಡಿತದ ಸದ್ದು. ಕುರ್ಚಿ ಎಳೆಯುವುದು, ಪಾತ್ರೆ ಬೀಳುವುದು, ಹಿಮ್ಮಡಿ ಊರಿ ನಡೆಯುವುದು, ಮಕ್ಕಳು ಹಾರುವುದು. ಇಲ್ಲಿ ಸ್ಲ್ಯಾಬೇ ನಡುಗುತ್ತದೆ. ಆ ನಡುಕವು ಕೆಳಗಿನ ಛಾವಣಿಗೂ ಗೋಡೆಗಳಿಗೂ ಹರಡಿ ಸದ್ದಾಗುತ್ತದೆ. ಸ್ಲ್ಯಾಬಿನ ಮೇಲೆ ನೇರವಾಗಿ ಗಾರೆ ಹಾಕಿ ಅಂಟಿಸಿದ ಟೈಲ್ಸ್, ಗ್ರಾನೈಟ್‌ಗಳು ಈ ಬಡಿತವನ್ನು ಹೀರುವುದಿಲ್ಲ, ಇದ್ದ ಹಾಗೆಯೇ ಕೆಳಗೆ ದಾಟಿಸುತ್ತವೆ. ಕೆಳಗಿನವರು ಫಾಲ್ಸ್ ಸೀಲಿಂಗ್ ಹಾಕಿಸಿದರೂ ಗೋಡೆಯ ಮೂಲಕ ಬರುವ ಪಾಲು ಉಳಿದೇ ಉಳಿಯುತ್ತದೆ. ಆದ್ದರಿಂದ ಸದ್ದನ್ನು ಹುಟ್ಟುವಲ್ಲಿಯೇ, ಅಂದರೆ ನಮ್ಮ ಮನೆಯಲ್ಲೇ ತಡೆಯುವುದು ಸುಲಭ. ಮಸೀದಿಯಲ್ಲಿ ದಪ್ಪ ಕಾರ್ಪೆಟ್ ಹಾಸಿದ ಮೇಲೆ ನೂರು ಮಂದಿ ಸಾಲಾಗಿ ನಿಂತರೂ ಹೆಜ್ಜೆಯ ಸಪ್ಪಳವಿಲ್ಲದಿರುವುದನ್ನು ನೀವು ಗಮನಿಸಿರಬಹುದು.

ಯಾವ ನೆಲ ಸೂಕ್ತ?

ಒಂದು: ಕಾರ್ಪೆಟ್, ಅದರ ಕೆಳಗೆ ಮೆತ್ತನೆಯ ಪದರ. ಬಡಿತದ ಸದ್ದು ತಡೆಯಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಗೋಡೆಯಿಂದ ಗೋಡೆಗೆ ಅಂಟಿಸಿದ ಕಾರ್ಪೆಟ್ ಆಟಿಯ ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ. ಎತ್ತಿ ಒಣಗಿಸಬಹುದಾದ ಬಿಡಿ ಜಮಖಾನಗಳೇ ಇಲ್ಲಿ ಮೇಲು.

ಎರಡು: ಹಿಂಬದಿಯಲ್ಲಿ ಸ್ಪಂಜಿನ ಪದರವಿರುವ ವಿನೈಲ್ ಹಾಸು. ಒರೆಸಲು ಸುಲಭ, ಬೆಲೆ ಮಿತ, ಸದ್ದೂ ಗಮನಾರ್ಹವಾಗಿ ತಗ್ಗುತ್ತದೆ. ಹಳೆಯ ಟೈಲ್ಸ್ ಗಟ್ಟಿಯಾಗಿದ್ದರೆ ಅದರ ಮೇಲೆಯೇ ಹಾಸಬಹುದು. ಒಡೆಯುವ ಗದ್ದಲವೂ ತಪ್ಪುತ್ತದೆ.

ಮೂರು: ಮರದಂತೆ ಕಾಣುವ ಹಲಗೆಗಳು. ಲ್ಯಾಮಿನೇಟ್ ಹಲಗೆಯ ಒಳಗಿರುವುದು ಮರದ ನಾರು, ನೀರು ತಾಗಿದರೆ ಉಬ್ಬುತ್ತದೆ. ಕಲ್ಲಿನ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಎಸ್‌ಪಿಸಿ ಹಲಗೆ ಉಬ್ಬುವುದಿಲ್ಲ, ಆದರೆ ಸ್ವತಃ ಗಡಸು. ಎರಡಕ್ಕೂ ಕೆಳಗೆ ರಬ್ಬರ್ ಅಥವಾ ಕಾರ್ಕ್ ಹಾಳೆ ಬೇಕೇಬೇಕು. ಆ ಹಾಳೆ ಅತಿಯಾಗಿ ಮೆತ್ತಗಿದ್ದರೆ ಹಲಗೆಯ ಕೊಂಡಿಗಳು ಮುರಿಯುತ್ತವೆ. ತಯಾರಕರು ಹೇಳಿದ ದಪ್ಪವನ್ನು ಮೀರಬೇಡಿ.

ನಾಲ್ಕು: ಟೈಲ್ಸೇ ಬೇಕೆಂದಾದರೆ ಅದರಡಿಗೆ ಆ ಉದ್ದೇಶಕ್ಕೆಂದೇ ತಯಾರಾದ ರಬ್ಬರ್ ಅಥವಾ ಕಾರ್ಕ್ ಪದರವನ್ನು ಹಾಕಿಸಿ. ಗೋಡೆಗೂ ಟೈಲ್ಸಿಗೂ ನಡುವೆ ಸಣ್ಣ ಎಡೆ ಬಿಟ್ಟು ಮೆತ್ತನೆಯ ಪಟ್ಟಿ ತುಂಬಿಸಬೇಕು. ಸ್ಕರ್ಟಿಂಗ್ ಗೋಡೆಗೆ ಮಾತ್ರ ಅಂಟಿರಲಿ. ಮೇಸ್ತ್ರಿ ಈ ಎಡೆಯನ್ನು ಸಿಮೆಂಟಿನಿಂದ ಮುಚ್ಚಿದರೆ ಸದ್ದಿಗೆ ಅದೇ ಸೇತುವೆಯಾಗಿ, ಹಾಕಿದ ಹಣದ ಬಹುಪಾಲು ವ್ಯರ್ಥವಾಗುತ್ತದೆ.

ಸದ್ದು ತಗ್ಗಲೆಂದು ಗಾರೆಯನ್ನು ದಪ್ಪ ಮಾಡಿಸಬೇಡಿ. ವಾಸದ ಕೋಣೆಗಳಲ್ಲಿ ಜನ, ಸಾಮಾನುಗಳ ಭಾರವೆಂದು ಐಎಸ್ 875 ಮಾನದಂಡವು ಲೆಕ್ಕ ಹಿಡಿಯುವುದು ಚದರ ಮೀಟರಿಗೆ ಸುಮಾರು 200 ಕಿಲೋ. ಎರಡು ಇಂಚಿನ ಹೆಚ್ಚುವರಿ ಗಾರೆಯೇ ಸುಮಾರು 100 ಕಿಲೋ ತೂಗುತ್ತದೆ. ಇಂಜಿನಿಯರರನ್ನು ಕೇಳದೆ ಇಂತಹ ಭಾರ ಹೇರಬಾರದು. ಅಂಗಡಿಯಲ್ಲಿ ಡೆಸಿಬೆಲ್ ಅಂಕೆ ತೋರಿಸಿದರೆ, ಅದು ಪದರವೊಂದರಿಂದಲೇ ಆದ ಇಳಿಕೆಯೇ ಅಥವಾ ದಪ್ಪ ಸ್ಲ್ಯಾಬ್, ಸೀಲಿಂಗ್‌ಗಳನ್ನೂ ಸೇರಿಸಿದ ಲೆಕ್ಕವೇ ಎಂದು ವಿಚಾರಿಸಿ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧದಷ್ಟಾದಂತೆ ಅನಿಸುತ್ತದೆ.

ಹಣವಿಲ್ಲದವರು ಏನು ಮಾಡಬೇಕು?

ಬಾಡಿಗೆ ಮನೆಯವರು ನೆಲ ಬದಲಿಸಲಾರರು. ಅವರು ಕುರ್ಚಿ ಮೇಜುಗಳ ಕಾಲಿಗೆ ಫೆಲ್ಟ್ ಅಥವಾ ರಬ್ಬರ್ ತುಂಡು ಅಂಟಿಸಲಿ. ಮಿಕ್ಸಿ, ಗ್ರೈಂಡರ್‌ಗಳ ಕೆಳಗೆ ದಪ್ಪ ರಬ್ಬರ್ ಹಾಳೆ, ಮಕ್ಕಳು ಆಡುವಲ್ಲಿ ಫೋಮ್ ಚಾಪೆ, ಓಡಾಡುವ ದಾರಿಯಲ್ಲಿ ಜಮಖಾನ ಇರಲಿ. ತೆಂಗಿನಕಾಯಿಯನ್ನು ನೆಲಕ್ಕೆ ಕುಟ್ಟಿ ಒಡೆಯುವುದನ್ನೂ ಬಕ್ರೀದ್‌ನ ಮಾಂಸವನ್ನು ನೆಲದ ಮೇಲಿಟ್ಟು ಕಡಿಯುವುದನ್ನೂ ಬಿಡಬೇಕು.

ಒಂದು ಮಾತು ನೆನಪಿರಲಿ. ಮೆತ್ತನೆಯ ಹಾಸು ಕುರ್ಚಿಯ ಕರಕರ, ಪಾತ್ರೆಯ ಟಣಟಣಗಳನ್ನು ಚೆನ್ನಾಗಿ ತಗ್ಗಿಸುತ್ತದೆ. ಆದರೆ ಮಕ್ಕಳ ಓಟದ, ಭಾರವಾದ ಹೆಜ್ಜೆಯ ದಡದಡ ಸದ್ದು ಪೂರ್ತಿಯಾಗಿ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವುದು ಶಿಸ್ತು ಮಾತ್ರ. ರಮಝಾನಿನಲ್ಲಿ ಸಹ್ರಿಗೆಂದು ನಾವು ಏಳುವ ಹೊತ್ತಿನಲ್ಲಿ ಕೆಳಮನೆಯವರು ಗಾಢ ನಿದ್ದೆಯಲ್ಲಿರುತ್ತಾರೆ. ಅವರು ಮುಸ್ಲಿಮರಲ್ಲದಿದ್ದರೆ ನಮ್ಮ ಉಪವಾಸದ ಪರಿಚಯ ಅವರಿಗಾಗುವುದು ಆ ಸದ್ದಿನ ಮೂಲಕವೇ. ಅರೆಯುವ ಕೆಲಸವನ್ನು ರಾತ್ರಿ ಮೊದಲೇ ಮುಗಿಸಿಡಿ. ಹಗಲಲ್ಲಾದರೆ ಅಡ್ಡಿಯಿಲ್ಲ ಎಂದೂ ಭಾವಿಸಬೇಡಿ. 1953ರಿಂದ ವೈದ್ಯಕೀಯ ಕಾಲೇಜಿರುವ ಮಣಿಪಾಲದಲ್ಲಿ ರಾತ್ರಿಯಿಡೀ ರೋಗಿಗಳ ಸೇವೆ ಮಾಡಿ ಬಂದ ದಾದಿಯರು, ವೈದ್ಯರು ಮಲಗುವುದು ಹಗಲಲ್ಲಿಯೇ.

ಆದ್ದರಿಂದ ಕೆಲಸ ಆರಂಭಿಸುವ ಮೊದಲು ಕೆಳಗಿಳಿದು ಹೋಗಿ, ಬಾಗಿಲು ತಟ್ಟಿ, ಕೇಳಿರಿ. ಯಾವ ಸದ್ದು ಹೆಚ್ಚು ಕಾಡುತ್ತದೆ, ಯಾವ ಕೋಣೆಯಲ್ಲಿ ಮಲಗುತ್ತೀರಿ, ಪರೀಕ್ಷೆ ಬರೆಯುವ ಮಕ್ಕಳಿದ್ದಾರೆಯೇ, ಹಾಸಿಗೆ ಹಿಡಿದ ಹಿರಿಯರಿದ್ದಾರೆಯೇ? ಒಡೆಯುವ ದಿನ, ಸಮಯವನ್ನು ಮುಂಚಿತವಾಗಿ ತಿಳಿಸಿ. ಹಣ ಸ್ವಲ್ಪವೇ ಇದ್ದರೆ ಅವರ ಮಲಗುವ ಕೋಣೆಯ ಮೇಲಿನ ನೆಲಕ್ಕೆ ಮೊದಲ ಆದ್ಯತೆ ಕೊಡಿ.

ಕೆಳಗೆ ವಾಸಿಸುವವರಿಗೂ ಕರ್ತವ್ಯವಿದೆ. ಇಮಾಮ್ ಅಬೂ ಹನೀಫಾ(ರ)ರ ನೆರೆಯವನೊಬ್ಬ ರಾತ್ರಿ ಕುಡಿದು ಹಾಡುತ್ತಿದ್ದ. ಒಂದು ರಾತ್ರಿ ಸದ್ದು ಕೇಳದಾದಾಗ ಇಮಾಮರು ವಿಚಾರಿಸಿ, ಅವನು ಬಂಧನದಲ್ಲಿರುವುದನ್ನು ತಿಳಿದು, ಅಧಿಕಾರಿಯ ಬಳಿ ಹೋಗಿ ಬಿಡಿಸಿ ತಂದರೆಂದು ಚರಿತ್ರೆಕಾರರು ಬರೆದಿದ್ದಾರೆ. ಮಗುವಿನ ಹೆಜ್ಜೆ ಕೇಳಿದೊಡನೆ ಸೂರಿಗೆ ಕೋಲಿನಿಂದ ಬಡಿಯುವವರು ಇದನ್ನು ಚಿಂತಿಸಲಿ.

ನೆರೆಯವರು ಯಾರ ಉಪದ್ರವದಿಂದ ಸುರಕ್ಷಿತರಲ್ಲವೋ ಅಂಥವನ ವಿಶ್ವಾಸವನ್ನೇ ಪ್ರವಾದಿ(ಸ)ರು ನಿರಾಕರಿಸಿದ್ದಾರೆ. ನಾವು ನಮಾಝಿಗೆ ನಿಲ್ಲುವ ನೆಲದಡಿಯಲ್ಲಿ ಯಾರೂ ನಮ್ಮಿಂದ ನೊಂದು ಮಲಗದಿರಲಿ. ಅಲ್ಲಾಹನು ನಮಗೆಲ್ಲ ನೆರೆಯವರ ಹಕ್ಕನ್ನು ಅರಿತು ಪಾಲಿಸುವ ಸೌಭಾಗ್ಯ ಕರುಣಿಸಲಿ. ಆಮೀನ್.